ಬಾಗಿಲಿಗೆ ಬಂದ ಕಾರು

ಹೋದ ವರ್ಷ ಅವ್ವನ ಬಲಗಣ್ಣಿನ ಪೊರೆ ತೆಗೆಸಬೇಕಿತ್ತು. ಹಾಸನದ ಆಸ್ಪತ್ರೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬರಹೇಳಿದ್ದರು. ನಾನು ಬೆಂಗಳೂರಿನಿಂದ ನೇರ ಹಾಸನಕ್ಕೆ ಹೋಗುವುದು, ಅವ್ವ ಹರದನಹಳ್ಳಿಯಿಂದ ಬರುವುದು ಎಂದು ಮಾತಾಗಿತ್ತು. ಎಂಬತ್ತೆರಡು ವರ್ಷದವಳು ಬಸ್ಸಿಗೆ ಕಾಯುವುದು ಬೇಡವೆಂದು ಹೊಳೆನರಸೀಪುರದ ಒಬ್ಬ ಡ್ರೈವರಿಗೆ ಹೇಳಿ ಮನೆಗೇ ಕಾರು ಕಳಿಸಿದೆ.

ಏಳು ಗಂಟೆಗೆ ಕಾರು ಬಂದು ಬಾಗಿಲಲ್ಲಿ ನಿಂತಿತಂತೆ. ಡ್ರೈವರ್ ಇನ್ನೂ ಇಳಿದೇ ಇಲ್ಲ, ಎದುರು ಮನೆಯ ಸೊಸೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. "ಏನಾಯ್ತತ್ತೆ? ಯಾರಿಗೇನಾಯ್ತು?" ಅವಳ ಹಿಂದೆ ಇನ್ನಿಬ್ಬರು. ಹಾಲಿನ ಡೇರಿಯಿಂದ ಕ್ಯಾನು ಹಿಡಿದು ಬರುತ್ತಿದ್ದವನು ಕ್ಯಾನನ್ನು ಅಲ್ಲೇ ಇಳಿಸಿ ನಿಂತ. ಏನೂ ಆಗಿಲ್ಲ, ಕಣ್ಣು ತೋರಿಸೋಕೆ ಹೋಗ್ತಿದೀನಿ ಅಂತ ಎಲ್ಲರಿಗೂ ಹೇಳುವಷ್ಟರಲ್ಲಿ ಅವ್ವನಿಗೆ ಸಾಕಾಗಿಹೋಯಿತು. ನನಗೆ ಫೋನ್ ಮಾಡಿದಳು. "ನಾನೇನ್ ಸತ್ತೋದ್ನಾ, ಮನೆ ಬಾಗ್ಲಿಗೆ ಕಾರ್ ಕಳ್ಸಿದ್ದೀಯಲ್ಲ?"

ನಾನು ಏನು ಹೇಳಿದರೂ ಕೇಳಲಿಲ್ಲ. ಬಟ್ಟೆಯ ಬ್ಯಾಗನ್ನು ಹಿಂದಿನ ಸೀಟಿನಲ್ಲಿ ಇಟ್ಟು, "ನೀ ಮುಂದೆ ಹೋಗಿರಪ್ಪ, ನಾ ಬಸ್ಸಲ್ಲಿ ಬತ್ತೀನಿ" ಎಂದು ಡ್ರೈವರನ್ನು ಕಳಿಸಿಬಿಟ್ಟಳು. ಎಂಟೂಕಾಲಿಗೆ ಬ್ಯಾಗು ಆಸ್ಪತ್ರೆಗೆ ಬಂತು. ಅವ್ವ ಬಂದದ್ದು ಒಂಬತ್ತೂವರೆಗೆ. ನಾನು ಬಾಡಿಗೆ ಕೊಟ್ಟೆ. ಅದು ಎಷ್ಟೆಂದು ಕೇಳಿ, "ದಂಡ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಇಂಥ ಹಿರಿಯರು ಇಲ್ಲದ ಮನೆ ಕಡಿಮೆ. ಮೊಮ್ಮಕ್ಕಳು ಮೊಬೈಲಿನಲ್ಲಿ ಕ್ಯಾಬ್ ಕರೆಸುವಷ್ಟರಲ್ಲಿ ಬಸ್ ಸ್ಟಾಪಿನ ಕಡೆ ನಡೆದುಬಿಟ್ಟಿರುತ್ತಾರೆ. ನಾವು ಅದಕ್ಕೆ ಜಿಪುಣತನ, ಹಟ ಎಂದು ಹೆಸರಿಡುತ್ತೇವೆ. ಆದರೆ ಅವ್ವ ಜಿಪುಣಿಯಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಮಾಡುವಾಗ ಕೈ ಹಿಂದೆ ಎಳೆದವಳಲ್ಲ. ಮನೆಗೆ ಬಂದವರು ಊಟ ಮಾಡದೆ ಹೋಗುವಂತಿಲ್ಲ. ಹಬ್ಬಕ್ಕೆ ಹೋದರೆ ತೆಂಗಿನಕಾಯಿ, ಅವರೆಕಾಯಿ, ರಾಗಿ ಹಿಟ್ಟಿನ ಮೂಟೆಯನ್ನೇ ಹೊರಿಸಿ ಕಳಿಸುತ್ತಾಳೆ. ಹಾಗಿದ್ದವಳು ಕಾರಿನ ಬಾಡಿಗೆಗೆ ಮಾತ್ರ ಯಾಕೆ ಹೀಗೆ? ಉತ್ತರ ಅವಳ ಸ್ವಭಾವದಲ್ಲಿಲ್ಲ, ನಮ್ಮ ಸೀಮೆಗೆ ಕಾರು ಯಾವಾಗ ಬಂತು, ಯಾವ ಕೆಲಸಕ್ಕೆ ಬಂತು ಎನ್ನುವುದರಲ್ಲಿದೆ ಎಂದು ಈಗ ಅನ್ನಿಸುತ್ತದೆ.

ಕಾರಿಗಿಂತ ಎಷ್ಟೋ ಮೊದಲು ನಮ್ಮ ಕಡೆಗೆ ಬಂದದ್ದು ರೈಲು. ಮೈಸೂರಿನಿಂದ ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆಗೆ ಹೋಗುವ ಮೀಟರ್ ಗೇಜ್ ಹಳಿ 1918ರಲ್ಲಿ ತೆರೆಯಿತು. ಹೊಳೆನರಸೀಪುರ, ಮಾವಿನಕೆರೆ ನಿಲ್ದಾಣಗಳಿಗೆ ಸುತ್ತಲಿನ ಹಳ್ಳಿಯವರು ನಡೆದು ಬಂದು, ಮೂರನೇ ದರ್ಜೆಯಲ್ಲಿ ಕೂತು ಹೋಗುತ್ತಿದ್ದರು. ಆ ದರ್ಜೆಯಲ್ಲಿ ಹೋಗುವುದು ಅವಮಾನವಾಗಿರಲಿಲ್ಲ. ಗಾಂಧೀಜಿಯೇ ಅದರಲ್ಲಿ ಓಡಾಡುತ್ತಿದ್ದ ಕಾಲ ಅದು. ಹಳ್ಳಿಯಿಂದ ಹಳ್ಳಿಗೆ ಕಾಲ್ನಡಿಗೆ, ಹೆಂಗಸರು ಮಕ್ಕಳಿದ್ದರೆ ಎತ್ತಿನ ಗಾಡಿ. ಅವ್ವ ಮದುವೆಯಾಗಿ ಚನ್ನರಾಯಪಟ್ಟಣದ ಕಡೆಯ ಹಳ್ಳಿಯಿಂದ ಹರದನಹಳ್ಳಿಗೆ ಬಂದದ್ದೂ ಗಾಡಿಯಲ್ಲೇ. ಗಾಡಿ ಎಂದರೆ ಖಾಲಿ ಹೋಗುವ ವಸ್ತುವಲ್ಲ. ಸಂತೆಗೆ ಹೋಗುವಾಗ ಮೂಟೆ, ಬರುವಾಗ ಉಪ್ಪು, ಹಿಂಡಿ, ದಾರಿಯಲ್ಲಿ ಸಿಕ್ಕ ನೆಂಟರು. ಜಾಗ ಇದ್ದೂ ಹತ್ತಿಸಿಕೊಳ್ಳದೆ ಹೋದರೆ ಊರಲ್ಲಿ ಮಾತು ಬರುತ್ತಿತ್ತು.

ನಡೆಯುವುದಕ್ಕೂ ಆಗ ಒಂದು ಮರ್ಯಾದೆ ಇತ್ತು. ಶಿವರಾತ್ರಿ ಹತ್ತಿರ ಬಂದಾಗ ಧರ್ಮಸ್ಥಳಕ್ಕೆ ಘಟ್ಟ ಇಳಿದು ನಡೆದು ಹೋಗುವವರು ಇವತ್ತಿಗೂ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಸಿಗುತ್ತಾರೆ. ಆ ನಡಿಗೆಯನ್ನು ಬಡತನ ಎಂದು ಯಾರೂ ಕರೆಯುವುದಿಲ್ಲ.

ಆಮೇಲೆ ಬಸ್ಸು. ಮೊದಲು ಖಾಸಗಿಯವರದು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳ ಹಿಂದೆ ಒಲೆಯಂಥ ಡಬ್ಬ ಕಟ್ಟಿ, ಇದ್ದಿಲಿನ ಅನಿಲದಲ್ಲಿ ಓಡಿಸುತ್ತಿದ್ದರು. ದಿಣ್ಣೆ ಬಂದರೆ ಜನ ಇಳಿದು ತಳ್ಳಬೇಕಿತ್ತು ಎಂದು ಅಜ್ಜ ನಗುತ್ತ ಹೇಳುತ್ತಿದ್ದ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು. ಸರ್ಕಾರಿ ಬಸ್ಸು ಹಳ್ಳಿಯವರಿಗೆ ಕೊಟ್ಟದ್ದು ವೇಗ ಮಾತ್ರವಲ್ಲ. ಇಂತಿಷ್ಟು ಸ್ಟೇಜಿಗೆ ಇಂತಿಷ್ಟು ಎಂದು ದರ ನಿಗದಿ. ಕೈಗೆ ಚೀಟಿ. ಗೌಡನಾಗಲಿ ಕೂಲಿಯವನಾಗಲಿ ಅದೇ ಚೀಟಿ, ಅದೇ ಸೀಟು. ಚೌಕಾಸಿ ಮಾಡಬೇಕಿಲ್ಲ, ಯಾರ ಮುಂದೆಯೂ ಕೈ ಕಟ್ಟಿ ನಿಲ್ಲಬೇಕಿಲ್ಲ. ಅವ್ವನಿಗೆ ಬಸ್ಸಿನ ಮೇಲಿರುವ ನಂಬಿಕೆಯ ಬೇರು ಇಲ್ಲಿದೆ.

ಇನ್ನು ದುಡ್ಡಿನ ಕಥೆ. ಅವ್ವನ ಎಳೆತನದಲ್ಲಿ ನಮ್ಮ ಹಳ್ಳಿಗಳ ಬದುಕು ಬಹುಪಾಲು ನಡೆಯುತ್ತಿದ್ದದ್ದು ನಗದಿನಲ್ಲಲ್ಲ, ದವಸದಲ್ಲಿ. ಕೂಲಿ ಎಂದರೆ ಸೇರುಗಟ್ಟಲೆ ರಾಗಿ. ಬಡಗಿ, ಕಮ್ಮಾರ, ಅಗಸ, ಕ್ಷೌರಿಕರಿಗೆ ಸುಗ್ಗಿಯಲ್ಲಿ ಕಣದ ಮೇಲೆ ಆಯ ಅಳೆದು ಕೊಡುತ್ತಿದ್ದರು. ನಗದು ಬರುತ್ತಿದ್ದದ್ದು ವರ್ಷಕ್ಕೆ ಒಂದೋ ಎರಡೋ ಸಲ: ಹಾಸನದ ಕಡೆ ಆಲೂಗೆಡ್ಡೆ ಮಾರಿದಾಗ, ಚನ್ನರಾಯಪಟ್ಟಣದ ಕಡೆ ಕೊಬ್ಬರಿ ಮಾರಿದಾಗ, ಅರಕಲಗೂಡಿನ ಕಡೆ ಹೊಗೆಸೊಪ್ಪು ಮಾರಿದಾಗ. ಬಂದ ದುಡ್ಡಿಗೆ ಬರುವ ಮುಂಚೆಯೇ ಹೆಸರು ಬಿದ್ದಿರುತ್ತಿತ್ತು. ಇದು ಕಂದಾಯಕ್ಕೆ, ಇದು ಬಟ್ಟೆಗೆ, ಇದು ಸಾಲದ ಬಡ್ಡಿಗೆ. ಹೆಸರಿಲ್ಲದ ದುಡ್ಡು ಎಂಬುದೇ ಇರಲಿಲ್ಲ.

ಆ ಕಾಲದ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. 1957ರ ಏಪ್ರಿಲ್ 1ರಿಂದ ನಯಾಪೈಸೆ ಬಂದಾಗ ಅವ್ವನಿಗೆ ಹದಿನಾಲ್ಕು ವರ್ಷ. ಇವತ್ತಿಗೂ ನಾಲ್ಕಾಣೆ, ಎಂಟಾಣೆ ಎಂಬ ಮಾತು ಅವಳ ಬಾಯಲ್ಲಿದೆ. ಹೀಗೆ ಬೆಳೆದವರು ದುಡ್ಡನ್ನು ಅಂಕಿಯಲ್ಲಿ ಎಣಿಸುವುದಿಲ್ಲ, ವಸ್ತುವಿನಲ್ಲಿ ಎಣಿಸುತ್ತಾರೆ. ಕಾರಿನ ಬಾಡಿಗೆ ಸಾವಿರ ರೂಪಾಯಿ ಎಂದರೆ ಅವ್ವನ ಕಣ್ಣಿಗೆ ಕಾಣುವುದು ನೋಟಲ್ಲ, ಮನೆಯ ಮೂಲೆಯಲ್ಲಿ ಇರಬೇಕಾದ ಒಂದು ಚೀಲ. ಬೇರೆ ದೇಶಗಳಲ್ಲೂ ಇಂಥ ತಲೆಮಾರುಗಳಿವೆ. ಇಂಗ್ಲೆಂಡಿನಲ್ಲಿ ಯುದ್ಧಕಾಲದ ಆಹಾರದ ರೇಷನ್ 1954ರವರೆಗೆ ಇತ್ತು; ಅದರಲ್ಲಿ ಬೆಳೆದು, ದಾರದ ತುಂಡನ್ನೂ ಎತ್ತಿಡುವ ಮುದುಕಿಯರ ಬಗ್ಗೆ ಅಲ್ಲಿನ ಮಕ್ಕಳೂ ಹೀಗೇ ತಲೆ ಚಚ್ಚಿಕೊಳ್ಳುತ್ತಾರೆ.

ಆದರೆ ಬರೀ ದುಡ್ಡಾಗಿದ್ದರೆ, ಬಾಡಿಗೆ ನಾನು ಕೊಡುತ್ತೇನೆ ಎಂದಾಗ ಒಪ್ಪಬೇಕಿತ್ತು. ಅಲ್ಲಿಗೆ ಕಾರಿನ ಕಥೆಗೇ ಬರಬೇಕು.

ಹಳ್ಳಿಗೆ ಕಾರು ಬರುತ್ತಿದ್ದದ್ದು ನಾಲ್ಕೇ ಕಾರಣಕ್ಕೆ. ಒಂದು, ಅಮಲ್ದಾರರೋ ಎಂಜಿನಿಯರೋ ಬಂದಾಗ. ಎರಡು, ಚುನಾವಣೆ. ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1962ರಲ್ಲಿ ಪಕ್ಷೇತರರಾಗಿ ನಿಂತು ಹೊಳೆನರಸೀಪುರದಿಂದ ಮೊದಲ ಸಲ ಗೆದ್ದರು. ಅವರ ಹೆಸರಿನ ಮೊದಲ 'ಎಚ್' ನಮ್ಮೂರೇ. 1996ರ ಜೂನ್ 1ರಂದು ಅವರು ಪ್ರಧಾನಿಯಾದ ಮೇಲೆ ಊರಿಗೆ ಕಾರಿನ ಬರವಿರಲಿಲ್ಲ. ಆದರೆ ಅವೆಲ್ಲ ನಾವು ರಸ್ತೆ ಬಿಟ್ಟು ಪಕ್ಕಕ್ಕೆ ನಿಂತು ನೋಡುವ ಕಾರುಗಳು, ಹತ್ತುವ ಕಾರುಗಳಲ್ಲ. ಮೂರು, ಉಳ್ಳವರ ಮನೆಯ ಮದುವೆ. ನಾಲ್ಕನೆಯದು, ಯಾರಾದರೂ ಸಾಯುವ ಹಾಗಾದಾಗ.

ಈ ನಾಲ್ಕನೆಯ ಕಾರಣಕ್ಕೆ ಮಾತ್ರ ನಮ್ಮಂಥವರು ಬಾಡಿಗೆ ಕಾರು ಹತ್ತುತ್ತಿದ್ದರು. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಶುರುವಾದದ್ದು 2008ರ ನವೆಂಬರ್ 1ರಂದು. ಅದಕ್ಕೆ ಮುಂಚೆ ಹಳ್ಳಿಯವರಿಗೆ ಆಂಬುಲೆನ್ಸ್ ಎಂದರೆ ಪೇಟೆಯ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದ ಅಂಬಾಸಿಡರ್ ಟ್ಯಾಕ್ಸಿ. ಯಾರೋ ಸೈಕಲ್ ತುಳಿದು ಹೋಗಿ, ಡ್ರೈವರನ್ನು ಎಬ್ಬಿಸಿ, ಬಾಡಿಗೆ ಮಾತಾಡಿ ಕರೆತರಬೇಕು. ಮೀಟರ್ ಇಲ್ಲ. ಹೋಗುವುದಕ್ಕೂ ಕೊಡಬೇಕು, ಗಾಡಿ ಖಾಲಿ ವಾಪಸು ಬರುವುದಕ್ಕೂ ಕೊಡಬೇಕು. ಅರ್ಧರಾತ್ರಿಯಲ್ಲಿ ಚೌಕಾಸಿ ಮಾಡುವ ಧೈರ್ಯ ಯಾರಿಗಿರುತ್ತದೆ?

1986ರಲ್ಲಿ ಅಪ್ಪನಿಗೆ ಎದೆನೋವು ಬಂತು. ಸಂಜೆಯಿಂದಲೇ ಇತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರಾಯಿತು, ಸುಮ್ಮನೆ ಟ್ಯಾಕ್ಸಿಗೆ ಯಾಕೆ ಎಂದು ಅಪ್ಪನೇ ಹೇಳಿದ. ರಾತ್ರಿ ಎರಡು ಗಂಟೆಗೆ ಬೆವರಿ ಒದ್ದೆಯಾದಾಗ ಟ್ಯಾಕ್ಸಿ ತಂದರು. ಹಾಸನಕ್ಕೆ ನೂರೈವತ್ತು ರೂಪಾಯಿ ಮಾತಾಯಿತು. ಬೆಳಿಗ್ಗೆ ಹನ್ನೊಂದಕ್ಕೆ ಅಪ್ಪ ಮತ್ತೆ ಟ್ಯಾಕ್ಸಿಯಲ್ಲೇ ಊರಿಗೆ ಬಂದ, ಹಿಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು, ಬಿಳಿ ಬಟ್ಟೆ ಹೊದ್ದು. ಹೆಣ ತರುವ ಬಾಡಿಗೆ ಬೇರೆ. ಅದು ನಾನೂರು. ಅವ್ವ ಕಿವಿಯ ಓಲೆ ಅಡವಿಟ್ಟು ಅದನ್ನು ತೀರಿಸಿದಳು. ಓಲೆ ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು.

ಇದನ್ನು ಅವ್ವ ಯಾವತ್ತೂ ಕಾರಿನ ಜೊತೆ ಸೇರಿಸಿ ಹೇಳಿದವಳಲ್ಲ. ನಾನೂ ಸೇರಿಸಿ ನೋಡಿರಲಿಲ್ಲ. ಹೋದ ವರ್ಷ ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಾಗ, "ನಾನೇನ್ ಸತ್ತೋದ್ನಾ" ಎಂಬ ಮಾತು ಮತ್ತೆ ಕಿವಿಗೆ ಬಿತ್ತು. ಅವಳು ಬೈಗುಳಕ್ಕೆ ಹೇಳಿದ್ದಲ್ಲ. ಆ ಬೀದಿಯ ಹೆಂಗಸರು ಓಡಿ ಬಂದದ್ದೂ ಸುಮ್ಮನೆ ಅಲ್ಲ. ಬಸ್ಸಿನಲ್ಲಿ ಹೋಗುವವರು ಗಟ್ಟಿಯಾಗಿದ್ದಾರೆ, ಕಾರಿನಲ್ಲಿ ಹೋಗುವವರ ಕಾಲ ಮುಗಿಯಿತು ಎನ್ನುವುದು ನಮ್ಮ ಹಳ್ಳಿ ಐವತ್ತು ವರ್ಷ ಕಣ್ಣಾರೆ ಕಂಡ ಲೆಕ್ಕ.

ಈಗಿನ ಕಾಲ ಈ ಲೆಕ್ಕವನ್ನು ಅಳಿಸಿಲ್ಲ, ಗಟ್ಟಿ ಮಾಡಿದೆ. 2013ರಲ್ಲಿ ಊಬರ್ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಬೆಂಗಳೂರಿನಲ್ಲಿ. ಓಲಾ ಅದಕ್ಕೂ ಮುಂಚಿನದು. ಅವ್ವ ನನ್ನ ಮನೆಗೆ ಬಂದಾಗ ಒಮ್ಮೆ ತೋರಿಸಿದೆ. ಇನ್ನೂರೈವತ್ತು ಇದ್ದದ್ದು ಮಳೆ ಬಂದ ಕೂಡಲೆ ಮುನ್ನೂರ ಎಂಬತ್ತಾಯಿತು. "ಮಳೆ ಬಂದ್ರೆ ಜನಕ್ಕೆ ಕಷ್ಟ ಅಂತ ಕಮ್ಮಿ ಮಾಡ್ಬೇಕಲ್ವಾ?" ಎಂದು ಕೇಳಿದಳು. 1986ರ ಆ ರಾತ್ರಿಯ ಡ್ರೈವರಿಗೂ ಈ ಮೊಬೈಲಿಗೂ ಅವಳಿಗೆ ವ್ಯತ್ಯಾಸ ಕಾಣಲಿಲ್ಲ. ಕಷ್ಟ ಹೆಚ್ಚಿದಷ್ಟೂ ಬಾಡಿಗೆ ಹೆಚ್ಚು.

ಇತ್ತ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡು ಸೆರಗಿನ ಗಂಟಿನಲ್ಲಿದ್ದರೆ ಹಾಸನವೇನು, ಮೈಸೂರಿಗೂ ಹೋಗಿ ಬರಬಹುದು. ಹಿರಿಯ ನಾಗರಿಕರಿಗೆ ರೈಲಿನಲ್ಲಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತದ್ದು ಮತ್ತೆ ಬಂದಿಲ್ಲ. ಬಸ್ಸೊಂದು ಅವಳ ಪಾಲಿಗೆ ಉಳಿಯಿತು. ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಕೈಯಲ್ಲಿ ಹಿಡಿದವಳಿಗೆ ಸಾವಿರ ರೂಪಾಯಿಯ ಕಾರಿನಲ್ಲಿ ಕೂರು ಎಂದರೆ ನಮಗೇ ಬುದ್ಧಿ ಕೆಟ್ಟಿದೆ ಎಂದುಕೊಳ್ಳುತ್ತಾಳೆ.

ಹಾಗೆಂದು ಈ ಹಟವನ್ನು ಹೊಗಳಿ ಮುಗಿಸಲು ನನಗೆ ಮನಸ್ಸಿಲ್ಲ. ಅಪ್ಪ ಸಂಜೆಯೇ ಟ್ಯಾಕ್ಸಿ ಹತ್ತಿದ್ದರೆ ಉಳಿಯುತ್ತಿದ್ದನೋ ಏನೋ. ಎದೆನೋವು, ಲಕ್ವದಂಥದ್ದರಲ್ಲಿ ಕಳೆದ ಗಂಟೆ ಮತ್ತೆ ಬರುವುದಿಲ್ಲ. ಎತ್ತರದ ಮೆಟ್ಟಿಲಿನ ಬಸ್ಸಿನಿಂದ ಇಳಿಯುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರು ನಮ್ಮ ನೆಂಟರಲ್ಲೇ ಇದ್ದಾರೆ. ಉಳಿಸಿದ ಬಾಡಿಗೆಯ ನೂರು ಪಟ್ಟು ಆಸ್ಪತ್ರೆಗೆ ಹೋಯಿತು. ಅವ್ವನಿಗೆ ಈ ಉದಾಹರಣೆ ಹೇಳಿದೆ. "ಹೌದು ಕಣಪ್ಪ, ಪಾಪ" ಎಂದಳು. ಮಾರನೆಯ ದಿನ ಬಸ್ಸಿಗೇ ಹೋದಳು.

ಈ ವರ್ಷ ಎಡಗಣ್ಣಿನ ಸರದಿ ಬಂತು. ಈ ಸಲ ಕಾರಿನ ಮಾತನ್ನು ನಾನು ಬೇರೆ ರೀತಿ ಎತ್ತಿದೆ. "ಎದುರು ಮನೆ ಸೊಸೆ ಸ್ಕ್ಯಾನಿಂಗಿಗೆ ಹಾಸನಕ್ಕೆ ಹೋಗ್ಬೇಕು ಅಂತಿದ್ಲಲ್ಲ ಅವ್ವ. ಕಾರಲ್ಲಿ ನಾಲ್ಕು ಜನಕ್ಕೆ ಜಾಗ ಐತೆ." ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಡೇರಿಯವನ ತಾಯಿಗೂ ಮಂಡಿನೋವು" ಎಂದಳು.

ಮೂವರು ಹೆಂಗಸರು ಕಾರು ಹತ್ತಿದರು. ಬಾಡಿಗೆಗೆ ಪಾಲು ಕೊಡಲು ಬಂದವರಿಂದ ಅವ್ವ ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಡೇರಿಯವನ ತಾಯಿ ಡ್ರೈವರಿಗೆ ಎರಡು ಸೇರು ಅವರೆಕಾಯಿ ತಂದಿದ್ದರು. ಊರ ಬಾಗಿಲ ಬಸ್ ಸ್ಟಾಪಿನಲ್ಲಿ ಒಬ್ಬ ಅಜ್ಜ ನಿಂತಿದ್ದ. ಅವ್ವ ಕಾರು ನಿಲ್ಲಿಸಿ, ಹಾಸನಕ್ಕಾದ್ರೆ ಹತ್ತಣ್ಣ ಎಂದು ಮುಂದಿನ ಸೀಟಿಗೆ ಅವನನ್ನು ಕೂರಿಸಿದಳಂತೆ.

ಎಂಟೂಕಾಲಿಗೆ ಅವರೆಲ್ಲ ಆಸ್ಪತ್ರೆಯ ಮುಂದೆ ಇಳಿದರು. ಬೀದಿಯವರು ಓಡಿ ಬರಲಿಲ್ಲವಾ ಎಂದು ಕೇಳಿದೆ.

"ರಾತ್ರೀನೇ ಮನೆಮನೆಗೂ ಹೋಗಿ ಹೇಳಿದ್ದೆ," ಎಂದಳು ಅವ್ವ. "ನಾಳೆ ಬೆಳಿಗ್ಗೆ ನಮ್ಮನೆ ಬಾಗ್ಲಿಗೆ ಕಾರ್ ಬತ್ತದೆ, ಯಾರೂ ಹೆದರ್ಕಬೇಡಿ ಅಂತ."