ಕಾಣೆಯಾದವರು ಮತ್ತು ಹಿಂತಿರುಗಿದವರು: ಧರ್ಮಸಭೆಯ ವಿವೇಚನೆಯ ಎರಡು ಪ್ರಸಂಗಗಳು

ಪತಿ ಕಾಣೆಯಾಗಿ ಹಲವು ವರ್ಷಗಳು ಕಳೆದಿವೆ. ಮರಣದ ಸುದ್ದಿಯಿಲ್ಲ, ಬದುಕಿರುವ ಕುರುಹೂ ಇಲ್ಲ. ಆತನ ಪತ್ನಿಯನ್ನು ವಿಧವೆಯೆಂದು ಪರಿಗಣಿಸಬಹುದೇ? ಒಂದು ದಿನ ಬಂದು ‘ನಾನೇ ಅವನು’ ಎನ್ನುವವನನ್ನು ಯಾವ ಆಧಾರದ ಮೇಲೆ ಒಪ್ಪಬೇಕು? ಈ ಪ್ರಶ್ನೆಗಳನ್ನು ಇತಿಹಾಸದ ಎರಡು ಪ್ರಸಂಗಗಳ ಬೆಳಕಿನಲ್ಲಿ ಪರಿಶೀಲಿಸೋಣ.

452ರಲ್ಲಿ ಅಟಿಲನ ಹೂಣ ಸೈನ್ಯವು ಉತ್ತರ ಇಟಲಿಯ ಅಕ್ವಿಲೇಯ ನಗರವನ್ನು ಧ್ವಂಸಮಾಡಿತು. ಆ ಕಾಲದ ಯುದ್ಧಗಳಲ್ಲಿ ಸೆರೆಹೋದವರ ಪತ್ನಿಯರಲ್ಲಿ ಕೆಲವರು, ಪತಿಯರು ಸತ್ತರೆಂದೋ ಎಂದಿಗೂ ಬಿಡುಗಡೆ ಹೊಂದಲಾರರೆಂದೋ ಭಾವಿಸಿ ಮರುವಿವಾಹವಾದರು. ಬಳಿಕ ಕೆಲವು ಪತಿಯರು ಜೀವಂತವಾಗಿ ಮರಳಿದರು. ಅಕ್ವಿಲೇಯದ ಧರ್ಮಾಧ್ಯಕ್ಷ ನಿಸೇತರಿಗೆ 458ರಲ್ಲಿ ಬರೆದ ಪತ್ರದಲ್ಲಿ ಜಗದ್ಗುರು ಮಹಾ ಲಿಯೋ, ಮೊದಲ ವಿವಾಹವೇ ಪುನಃಸ್ಥಾಪಿತವಾಗಬೇಕೆಂದು ನಿರ್ಣಯಿಸಿದರು. ಎರಡನೆಯ ಪತಿಯನ್ನು ಅಪರಾಧಿಯೆಂದು ಎಣಿಸಬಾರದೆಂದೂ ಹೇಳಿದರು. ಸೆರೆಯಿಂದ ಮರಳಿದವನಿಗೆ ಹೊಲ, ಮನೆಗಳು ಹಿಂತಿರುಗುವಂತೆ ಎಂಬ ರೋಮನ್ ಕಾನೂನಿನ ಹೋಲಿಕೆಯನ್ನು ಅವರು ಬಳಸಿದರು. ಆದರೆ ಮರಳಲು ನಿರಾಕರಿಸುವ ಪತ್ನಿಯನ್ನು ಸಭೆಯ ಅನ್ಯೋನ್ಯತೆಯಿಂದ ಹೊರಗಿಡಬೇಕೆಂದರು. ವಿವಾಹಬಂಧದ ಅವಿಚ್ಛಿನ್ನತೆಯನ್ನು ಈ ಪತ್ರವು ದೃಢವಾಗಿ ಎತ್ತಿಹಿಡಿಯುತ್ತದೆ. ಆಸ್ತಿಯ ಹೋಲಿಕೆಯೊಳಗೆ ಆ ಸ್ತ್ರೀಯ ಅಳಲು ಮಾತ್ರ ಕೇಳಿಬರುವುದಿಲ್ಲ.

ಎರಡನೆಯ ಪ್ರಸಂಗ ಫ್ರಾನ್ಸಿನ ಆರ್ತಿಗಾ ಗ್ರಾಮದ್ದು. 1548ರಲ್ಲಿ ಮಾರ್ತಿನ್ ಗೇರ್ ಎಂಬ ರೈತನು ಪತ್ನಿ ಬೆರ್ತ್ರಾಂದಳನ್ನೂ ಮಗನನ್ನೂ ತೊರೆದು ಹೋದನು. 1556ರಲ್ಲಿ ಆರ್ನೋ ದ್ಯು ತಿಲ್ ಎಂಬವನು ತಾನೇ ಮಾರ್ತಿನ್ ಎಂದು ಹೇಳಿಕೊಂಡು ಬಂದನು. ಸೋದರಿಯರೂ ಪತ್ನಿಯೂ ಅವನನ್ನು ಒಪ್ಪಿಕೊಂಡರು. ಚಿಕ್ಕಪ್ಪನೊಡನೆ ಆಸ್ತಿಯ ಲೆಕ್ಕದ ಕಲಹ ಎದ್ದಾಗ ಸಂಶಯವು ನ್ಯಾಯಾಲಯವನ್ನು ಮುಟ್ಟಿತು. ರಿಯೂ ಪಟ್ಟಣದಲ್ಲಿ ಸುಮಾರು 150 ಮಂದಿ ಸಾಕ್ಷಿ ನುಡಿದರೂ ಒಮ್ಮತ ಮೂಡಲಿಲ್ಲ. ಪಾದರಕ್ಷೆ ಮಾಡುವವನೊಬ್ಬನು ಪಾದದ ಅಳತೆ ಹೊಂದುವುದಿಲ್ಲವೆಂದನು. ಇತರರು ಗುರುತಿನ ಕಲೆಗಳು ಹೊಂದುತ್ತವೆಂದರು. ತೂಲೂಸಿನ ಉಚ್ಚ ನ್ಯಾಯಾಲಯದಲ್ಲಿ 1560ರ ಮೇಲ್ಮನವಿಯ ವಿಚಾರಣೆಯು ಆರೋಪಿಯ ಪರವಾಗಿ ವಾಲುತ್ತಿದ್ದಾಗಲೇ ಮರದ ಕಾಲಿನ ನಿಜವಾದ ಮಾರ್ತಿನ್ ಪ್ರತ್ಯಕ್ಷನಾದನು. ಆರ್ನೋನನ್ನು ಗಲ್ಲಿಗೇರಿಸಲಾಯಿತು.

ಈ ಮೊಕದ್ದಮೆಯನ್ನು ದಾಖಲಿಸಿದ ನ್ಯಾಯಾಧೀಶ ಜಾನ್ ದ ಕೋರಾಸರ ಗ್ರಂಥದಿಂದ ನಮಗೆ ಮುಖ್ಯವಾಗುವ ಸಂಗತಿ ಬೇರೊಂದಿದೆ. ಬೆರ್ತ್ರಾಂದಳು ಸದ್ಭಾವನೆಯಿಂದ ನಡೆದುಕೊಂಡಳೆಂದು ನ್ಯಾಯಾಲಯ ಒಪ್ಪಿತು. ಆ ಸಂಬಂಧದಲ್ಲಿ ಹುಟ್ಟಿದ ಮಗಳನ್ನು ನ್ಯಾಯಸಮ್ಮತ ಸಂತಾನವೆಂದು ಸಾರಿತು. ಆಕೆಯನ್ನು ದೂಷಿಸಿದವನು, ತಾನೇ ತೊರೆದುಹೋಗಿದ್ದ ಮಾರ್ತಿನ್. ಇಷ್ಟು ತೊಡಕಿನ ವಿಷಯದಲ್ಲಿ ಮರಣದಂಡನೆ ವಿಧಿಸಿದ್ದು ದುಡುಕಾಯಿತೆಂಬ ಅಭಿಪ್ರಾಯವನ್ನು ಲೇಖಕ ಮೊಂತೇನ್ ಮುಂದೆ ವ್ಯಕ್ತಪಡಿಸಿದನು.

ಇಂದಿನ ಧರ್ಮಸಭೆಯ ಕಾನೂನು ಸಂಹಿತೆಯ (1983) 1707ನೆಯ ವಿಧಿಯು ಈ ಎಚ್ಚರಿಕೆಯನ್ನು ಉಳಿಸಿಕೊಂಡಿದೆ. ಮರಣಕ್ಕೆ ಅಧಿಕೃತ ದಾಖಲೆ ಇಲ್ಲದಿದ್ದಲ್ಲಿ, ಧರ್ಮಾಧ್ಯಕ್ಷರು ಸಾಕ್ಷ್ಯ, ಜನವಾರ್ತೆ ಹಾಗೂ ಸಂದರ್ಭಗಳನ್ನು ಪರಿಶೀಲಿಸಿ ನೈತಿಕ ನಿಶ್ಚಯವನ್ನು ಪಡೆದ ಮೇಲೆಯೇ ಮರಣವನ್ನು ಊಹಿಸಿ ಘೋಷಿಸಬಹುದು. ಅನುಪಸ್ಥಿತಿ ಎಷ್ಟೇ ದೀರ್ಘವಾಗಿದ್ದರೂ ಅದೊಂದೇ ಸಾಲದು. ಭಾರತದ 1872ರ ಸಾಕ್ಷ್ಯ ಅಧಿನಿಯಮದ 108ನೆಯ ಪ್ರಕರಣವು ಏಳು ವರ್ಷ ಸುದ್ದಿಯಿಲ್ಲದವನು ಬದುಕಿದ್ದಾನೆಂದು ಸಾಧಿಸುವ ಹೊಣೆಯನ್ನು ಹಾಗೆ ವಾದಿಸುವವನ ಮೇಲೆ ಹೊರಿಸಿತು. 2023ರ ಹೊಸ ಅಧಿನಿಯಮದಲ್ಲೂ ಆ ನಿಯಮ ಮುಂದುವರಿದಿದೆ. ಆದುದರಿಂದ ನಾಗರಿಕ ನ್ಯಾಯಾಲಯದ ಏಳು ವರ್ಷಗಳ ಲೆಕ್ಕದಿಂದಲೇ ಮರುವಿವಾಹದ ದಾರಿ ತೆರೆಯಿತೆಂದು ಯಾವ ಗುರುವೂ ಭಾವಿಸಲಾಗದು. ಘೋಷಣೆಯ ನಂತರ ಪತಿ ಮರಳಿದರೆ ಮೊದಲ ಬಂಧವೇ ನಿಲ್ಲುತ್ತದೆ; ಸದ್ಭಾವನೆಯ ಎರಡನೆಯ ವಿವಾಹದ ಮಕ್ಕಳು ಮಾತ್ರ 1137ನೆಯ ವಿಧಿಯಂತೆ ನ್ಯಾಯಸಮ್ಮತರೇ ಆಗಿರುತ್ತಾರೆ.

2017ರ ಓಖಿ ಚಂಡಮಾರುತದಲ್ಲಿ ಕೇರಳ ಮತ್ತು ಕನ್ಯಾಕುಮಾರಿ ತೀರದ ಅನೇಕ ಬೆಸ್ತರು ಮರಳಿ ಬರಲಿಲ್ಲ. ಇಂಥ ಮನೆಗಳಿಗೆ ಹೋಗುವ ಧರ್ಮಕೇಂದ್ರದ ಗುರುವಿನ ಕೈಯಲ್ಲಿ ವಿಧಿಯ ಸಂಖ್ಯೆಯಷ್ಟೇ ಇದ್ದರೆ ಸಾಲದು. ಸಹನೌಕರರ ಹೇಳಿಕೆಗಳನ್ನು ನೆನಪು ಮಾಸುವ ಮೊದಲೇ ಬರೆಸಿಕೊಳ್ಳುವುದು, ಅರ್ಜಿಯನ್ನು ಧರ್ಮಪ್ರಾಂತ್ಯಕ್ಕೆ ತಡಮಾಡದೆ ತಲುಪಿಸುವುದು, ಕಾಯುತ್ತಿರುವ ಸ್ತ್ರೀಯನ್ನು ಅನುಮಾನದಿಂದ ನೋಡದಿರುವುದು ಅವರ ಕರ್ತವ್ಯ. ಬಂಧದ ಪಾವಿತ್ರ್ಯವನ್ನು ಲಿಯೋ ನಮಗೆ ಕಲಿಸಿದರು. ಅದನ್ನು ಕಾಪಾಡುವ ಭಾರವೆಲ್ಲ ಆಕೆಯೊಬ್ಬಳ ಹೆಗಲ ಮೇಲೆ ಬೀಳದಂತೆ ನೋಡಿಕೊಳ್ಳುವುದು ನಮಗೆ ಉಳಿದಿರುವ ಕೆಲಸ.