ಏರ್ಸಮ್ ಪಾರ್ಕ್

ಈಶಾನ್ಯ ಇಂಗ್ಲೆಂಡಿನ ಟೀಸ್ ನದಿಯ ದಡದಲ್ಲಿ, ಉಕ್ಕಿನ ಕಾರ್ಖಾನೆಗಳಿಂದ ಬೆಳೆದ ಮಿಡಲ್ಸ್‌ಬರೋ ಪಟ್ಟಣದ ಫುಟ್‌ಬಾಲ್ ಕ್ಲಬ್ಬಿಗೆ 1903ರಿಂದ 1995ರವರೆಗೆ ತವರು ಮೈದಾನವಾಗಿದ್ದ, ಈಗ ಅಸ್ತಿತ್ವದಲ್ಲಿಲ್ಲದ ಕ್ರೀಡಾಂಗಣ. ಬ್ರಿಟನ್ನಿನ ಹಲವು ಮೈದಾನಗಳನ್ನು ರೂಪಿಸಿದ ಎಂಜಿನಿಯರ್ ಆರ್ಚಿಬಾಲ್ಡ್ ಲೀಚ್ ಇದರ ವಿನ್ಯಾಸಕಾರ. ಪ್ರೇಕ್ಷಕರಲ್ಲಿ ಬಹುಪಾಲು ಜನ ಮೆಟ್ಟಿಲುಗಟ್ಟೆಗಳ ಮೇಲೆ ನಿಂತೇ ಆಟ ನೋಡುತ್ತಿದ್ದ ಕಾಲದಲ್ಲಿ, 1949ರ ಡಿಸೆಂಬರ್ 27ರಂದು ನ್ಯೂಕಾಸಲ್ ವಿರುದ್ಧದ ಪಂದ್ಯಕ್ಕೆ ಇಲ್ಲಿ 53,802 ಮಂದಿ ಸೇರಿದ್ದು ಈ ಮೈದಾನದ ದಾಖಲೆ.

ಆದರೆ ಮೈದಾನದ ಹೆಸರು ದೇಶಾಂತರಗಳಲ್ಲಿ ಉಳಿದಿರುವುದು 1966ರ ವಿಶ್ವಕಪ್‌ನಿಂದ. ಉತ್ತರ ಕೊರಿಯಾ ತನ್ನ ಗುಂಪಿನ ಮೂರೂ ಪಂದ್ಯಗಳನ್ನು ಇಲ್ಲಿಯೇ ಆಡಿತು. ತಮ್ಮ ಕ್ಲಬ್ಬಿನಂತೆಯೇ ಕೆಂಪು ಅಂಗಿ ತೊಟ್ಟಿದ್ದ ಈ ಅಪರಿಚಿತ ತಂಡವನ್ನು ಪಟ್ಟಣದ ಜನ ತಮ್ಮದೆಂದೇ ಭಾವಿಸಿ ಹುರಿದುಂಬಿಸಿದರು. ಜುಲೈ 19ರಂದು ಪಾಕ್ ಡೂ-ಇಕ್ ಗಳಿಸಿದ ಏಕೈಕ ಗೋಲಿನಿಂದ ಇಟಲಿ ಸೋತು ಪಂದ್ಯಾವಳಿಯಿಂದ ಹೊರಬಿದ್ದದ್ದು, ವಿಶ್ವಕಪ್ ಇತಿಹಾಸದ ಅತ್ಯಂತ ಅನಿರೀಕ್ಷಿತ ಫಲಿತಾಂಶಗಳಲ್ಲಿ ಒಂದೆನಿಸಿದೆ.

ಕ್ಲಬ್ 1986ರಲ್ಲಿ ದಿವಾಳಿಯ ಅಂಚು ತಲುಪಿದಾಗ ಮೈದಾನದ ಗೇಟುಗಳಿಗೆ ಬೀಗ ಬಿದ್ದು, ಹೊಸ ಋತುವಿನ ಮೊದಲ ತವರು ಪಂದ್ಯವನ್ನು ನೆರೆಯ ಹಾರ್ಟಲ್‌ಪೂಲಿನಲ್ಲಿ ಆಡಬೇಕಾಯಿತು. ಕ್ಲಬ್ ಚೇತರಿಸಿಕೊಂಡಿತಾದರೂ, ಎಲ್ಲರಿಗೂ ಆಸನವಿರಬೇಕೆಂಬ ಹೊಸ ಸುರಕ್ಷತಾ ನಿಯಮಕ್ಕೆ ಮನೆಗಳ ನಡುವೆ ಸಿಕ್ಕಿಕೊಂಡಿದ್ದ ಈ ಜಾಗ ಒಗ್ಗಲಿಲ್ಲ. 1995ರಲ್ಲಿ ಕ್ಲಬ್ ನದಿಯ ಪಕ್ಕದ ರಿವರ್‌ಸೈಡ್ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡಿತು. ಹಳೆಯ ಮೈದಾನದಲ್ಲಿ ಈಗ ಮನೆಗಳೆದ್ದಿದ್ದು, ಪಾಕ್ ಚೆಂಡನ್ನು ಒದ್ದ ಜಾಗವನ್ನು ಹುಲ್ಲಿನಲ್ಲಿ ಹುದುಗಿಸಿದ, ಬೂಟಿನ ಮೊಳೆಗಳ ಗುರುತಿರುವ ಕಂಚಿನ ಅಚ್ಚೊಂದು ಸೂಚಿಸುತ್ತದೆ. ಮೈದಾನದ ಹೆಬ್ಬಾಗಿಲಿನ ಕಬ್ಬಿಣದ ಗೇಟುಗಳನ್ನು ರಿವರ್‌ಸೈಡ್‌ನ ಹೊರಗೆ ನಿಲ್ಲಿಸಲಾಗಿದೆ.