ಕಿರು ಗೇಮಿಂಗ್ ಪಿ.ಸಿ. ಕ್ಯಾಬಿನೆಟ್

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಒಂದು ಚೀಲದಲ್ಲಿ ಒಯ್ಯುವಷ್ಟು ಚಿಕ್ಕದಾಗಿ ಅಡಕ ಮಾಡುವ ಪೆಟ್ಟಿಗೆಗೆ ಕಿರು ಗೇಮಿಂಗ್ ಪಿ.ಸಿ. ಕ್ಯಾಬಿನೆಟ್ ಎಂದು ಹೆಸರು. ಸಾಮಾನ್ಯವಾಗಿ 20 ಲೀಟರಿಗಿಂತ ಕಡಿಮೆ ಗಾತ್ರದವು ಈ ವರ್ಗಕ್ಕೆ ಸೇರುತ್ತವೆ. ಮಾಮೂಲಿ ಟವರ್ ಕ್ಯಾಬಿನೆಟ್ 40 ಲೀಟರಿನ ಆಸುಪಾಸಿನಲ್ಲಿರುತ್ತದೆ. ಉದ್ದ, ಅಗಲ, ಎತ್ತರಗಳ ಗುಣಲಬ್ಧವೇ ಗಾತ್ರವಾದರೂ ಆಯ್ಕೆಯನ್ನು ನಿರ್ಧರಿಸುವುದು ಆ ಅಂಕಿಯಲ್ಲ; ಬಿಡಿಭಾಗಗಳ ಅಳತೆ ಮತ್ತು ಬಿಸಿಗಾಳಿ ಹೊರಹೋಗುವ ದಾರಿ.

ಹಿನ್ನೆಲೆ

ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಮದರ್‌ಬೋರ್ಡಿನ ಅಳತೆ 305 × 244 ಮಿ.ಮೀ. ತೈವಾನಿನ ವಿಐಎ ಟೆಕ್ನಾಲಜೀಸ್ 2001ರಲ್ಲಿ ಪ್ರಕಟಿಸಿದ ಮಿನಿ-ಐಟಿಎಕ್ಸ್ ಇದನ್ನು 170 ಮಿ.ಮೀ. ಚೌಕಕ್ಕೆ ಇಳಿಸಿತು. ಕಡಿಮೆ ವಿದ್ಯುತ್ತಿನ ಯಂತ್ರಗಳಿಗೆಂದು ಹುಟ್ಟಿದ ಈ ಬೋರ್ಡಿಗೆ ಮುಂದೆ ಪೂರ್ಣ ಅಳತೆಯ ಗ್ರಾಫಿಕ್ಸ್ ಸ್ಲಾಟ್ ಬಂತು. ಗೇಮಿಂಗಿಗೂ ಅದು ಒಗ್ಗಿತು. ತಕ್ಕ ಪೆಟ್ಟಿಗೆಗಳನ್ನು ರೂಪಿಸಿದವರಲ್ಲಿ ಹವ್ಯಾಸಿಗಳೂ ಇದ್ದರು. 2013ರ ಎನ್‌ಕೇಸ್ ಎಂ1 ಮತ್ತು 2016ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಹಣ ಕೂಡಿಸಿದ 7.2 ಲೀಟರಿನ ಡಾನ್ ಎ4 ಹಾಗೆ ಬಂದವು. 2020ರಲ್ಲಿ ಕೂಲರ್ ಮಾಸ್ಟರ್ ಹೊರತಂದ 18.25 ಲೀಟರಿನ ಎನ್‌ಆರ್200 ಈ ವರ್ಗವನ್ನು ಸಾಮಾನ್ಯ ಬಳಕೆದಾರರ ಕೈಗೆಟುಕಿಸಿತು.

ಒಳವಿನ್ಯಾಸ

ಒಳಗಿನ ಜೋಡಣೆಯಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಗ್ರಾಫಿಕ್ಸ್ ಕಾರ್ಡ್ ನೇರವಾಗಿ ಮದರ್‌ಬೋರ್ಡಿನ ಸ್ಲಾಟಿನಲ್ಲಿ ಕೂರುತ್ತದೆ. ಪೆಟ್ಟಿಗೆ ತುಸು ಅಗಲವಾದರೂ ಎತ್ತರದ ಕೂಲರಿಗೆ ಜಾಗವಿರುತ್ತದೆ, ಜೋಡಣೆ ಸುಲಭ. ಎರಡನೆಯದರಲ್ಲಿ ಮದರ್‌ಬೋರ್ಡ್ ಮತ್ತು ಕಾರ್ಡ್ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತವೆ; ನಡುವಿನ ಸಂಪರ್ಕ ರೈಸರ್ ಎಂಬ ಚಪ್ಪಟೆ ಕೇಬಲ್ಲಿನದು. ಇದನ್ನು ಸ್ಯಾಂಡ್‌ವಿಚ್ ವಿನ್ಯಾಸ ಎನ್ನುತ್ತಾರೆ. ಡಾನ್ ಎ4 ಮತ್ತು 2023ರ ಫ್ರ್ಯಾಕ್ಟಲ್ ಟೆರಾ ಈ ಬಗೆಯವು. ಕಾರ್ಡ್ ಮತ್ತು ಬೋರ್ಡಿನ ಸಂಪರ್ಕದ ಮಾನಕವಾದ ಪಿಸಿಐಇಯ 3.0 ಪೀಳಿಗೆಗೆಂದು ಮಾಡಿದ ರೈಸರಿಗೆ 4.0 ಕಾರ್ಡ್ ಜೋಡಿಸಿದರೆ ಪರದೆ ಕಪ್ಪಾಗುವುದು, ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುವುದು ಮುಂತಾದ ತೊಂದರೆ ಬರಬಹುದು. ಆಗ ಬಯೋಸ್‌ನಲ್ಲಿ ಸ್ಲಾಟಿನ ವೇಗವನ್ನು 3.0ಕ್ಕೆ ಇಳಿಸಬೇಕಾಗುತ್ತದೆ.

ಅಳತೆಗಳ ಕ್ರಮ

ಮೊದಲು ಗೊತ್ತುಮಾಡಬೇಕಾದದ್ದು ಗ್ರಾಫಿಕ್ಸ್ ಕಾರ್ಡ್. ಎರಡು ಫ್ಯಾನಿನ ಅನೇಕ ಕಾರ್ಡುಗಳು 250 ಮಿ.ಮೀ. ಒಳಗಿದ್ದರೆ ಮೂರು ಫ್ಯಾನಿನವು 300 ಮಿ.ಮೀ. ದಾಟುವುದುಂಟು. ಉದ್ದದ ಜೊತೆ ದಪ್ಪವನ್ನೂ, ವಿದ್ಯುತ್ ಕೇಬಲ್ ಬಾಗಲು ಬೇಕಾದ ಜಾಗವನ್ನೂ ನೋಡಬೇಕು. ಡಾನ್ ಎ4ರಲ್ಲಿ ಕಾರ್ಡಿಗೆ 295 ಮಿ.ಮೀ. ಉದ್ದವಿದ್ದರೂ ಪ್ರೊಸೆಸರ್ ಕೂಲರಿಗೆ ಸಿಗುವ ಎತ್ತರ 48 ಮಿ.ಮೀ. ಮಾತ್ರ, ಎನ್‌ಆರ್200ರಲ್ಲಿ 150 ಮಿ.ಮೀ. ಮೀರಿದ ಟವರ್ ಕೂಲರೂ ಹಿಡಿಸುತ್ತದೆ.

ಎರಡನೆಯದು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್. ಇಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು 125 × 63.5 × 100 ಮಿ.ಮೀ. ಅಳತೆಯ ಎಸ್‌ಎಫ್‌ಎಕ್ಸ್ ನಮೂನೆ. ಎಸ್‌ಎಫ್‌ಎಕ್ಸ್-ಎಲ್ ಇದಕ್ಕಿಂತ 30 ಮಿ.ಮೀ. ಉದ್ದ. ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್‌ಗೆ ಹೋಲಿಸಿದರೆ ಎರಡರ ಬೆಲೆಯೂ ಹೆಚ್ಚು. 65 ವ್ಯಾಟ್ ಪ್ರೊಸೆಸರಿಗೆ 115 ವ್ಯಾಟಿನ ಆರ್‌ಟಿಎಕ್ಸ್ 4060ರಂಥ ಕಾರ್ಡ್ ಸೇರಿದರೆ 450 ವ್ಯಾಟ್ ಧಾರಾಳವಾಗಿ ಸಾಕು. ಕೇಬಲ್ ಬಿಚ್ಚಿ ಜೋಡಿಸುವ ಮಾಡ್ಯುಲರ್ ಬಗೆಯದಾದರೆ ಬೇಡದ ಕೇಬಲ್ಲುಗಳು ಗಾಳಿಗೆ ಅಡ್ಡ ಬರುವುದಿಲ್ಲ. ಕೂಲರಿನ ಆಯ್ಕೆ ಈ ಎರಡರ ನಂತರ.

ಬಿಸಿಲು ಮತ್ತು ಧೂಳು

ಬಿಸಿಲು, ಧೂಳು ಹೆಚ್ಚಿರುವ ಕಡೆ, ಉದಾಹರಣೆಗೆ ತುಮಕೂರು ಜಿಲ್ಲೆಯ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ, ಗಾತ್ರಕ್ಕಿಂತ ಗಾಳಿಯ ದಾರಿಗೆ ಹೆಚ್ಚು ಬೆಲೆ. ಮಧುಗಿರಿ, ಶಿರಾ, ಪಾವಗಡ ಮತ್ತು ಕೊರಟಗೆರೆ ಬಂಡೆಗುಡ್ಡಗಳ ಒಣಭೂಮಿಯ ತಾಲ್ಲೂಕುಗಳು. ಬೇಸಿಗೆಯ ಹಗಲಿನಲ್ಲಿ ಕಾದ ಆರ್‌ಸಿಸಿ ಮಾಳಿಗೆಯ ಕೋಣೆ ರಾತ್ರಿಯಾದರೂ ಬೇಗ ತಣಿಯುವುದಿಲ್ಲ, ಶೀಟಿನ ಮನೆಯಲ್ಲಿ ಮಧ್ಯಾಹ್ನ ಕೂರುವುದೇ ಕಷ್ಟ. ಫ್ಯಾನ್ ಎಷ್ಟೇ ತಿರುಗಿದರೂ ಕೋಣೆಯ ಗಾಳಿಗಿಂತ ಚಿಪ್ಪನ್ನು ತಣ್ಣಗೆ ಮಾಡಲಾರದು. 25 ಡಿಗ್ರಿಯ ಕೋಣೆಯಲ್ಲಿ 78 ಡಿಗ್ರಿ ಮುಟ್ಟುವ ಪ್ರೊಸೆಸರ್ 35 ಡಿಗ್ರಿಯ ಕೋಣೆಯಲ್ಲಿ ಸುಮಾರು 88ಕ್ಕೆ ಏರುತ್ತದೆ. ಎಎಂಡಿ ರೈಜನ್ 7000 ಸರಣಿಯ ಹಲವು ಪ್ರೊಸೆಸರುಗಳ ಮಿತಿ 95 ಡಿಗ್ರಿ. ಮಿತಿ ಮುಟ್ಟಿದ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ ಆಟ ತಡವರಿಸುತ್ತದೆ. ಹಾಗಾಗಿ ಇಲ್ಲಿ 5 ಲೀಟರಿನ ಪೆಟ್ಟಿಗೆಗಿಂತ 10ರಿಂದ 18 ಲೀಟರಿನದು ಮೇಲು. ಗಾಜಿನ ಬದಿಗಿಂತ ಜಾಲರಿಯ ಬದಿ ಮೇಲು. 105 ವ್ಯಾಟಿನ ಪ್ರೊಸೆಸರನ್ನು ವಿದ್ಯುತ್ ಬಳಕೆಗೆ ಮಿತಿ ಹಾಕುವ ಇಕೋ ಮೋಡಿನಲ್ಲಿ 65 ವ್ಯಾಟಿಗೆ ಇಳಿಸಿದರೆ ಆಟದ ವೇಗ ಹೆಚ್ಚು ಕುಗ್ಗದೆ ಬಿಸಿ ತಗ್ಗುತ್ತದೆ.

ರಾಗಿ ಒಕ್ಕಣೆಯ ದಿನಗಳ ಹೊಟ್ಟು, ಮಣ್ಣುರಸ್ತೆಯ ಧೂಳು ಜಾಲರಿಯೊಳಗೆ ಸಲೀಸಾಗಿ ನುಗ್ಗುತ್ತವೆ. ಗಾಳಿ ಒಳಬರುವ ಬದಿಗಳಿಗೆಲ್ಲ ಬಿಚ್ಚಿ ತೊಳೆಯಬಹುದಾದ ಫಿಲ್ಟರ್ ಇರಬೇಕು. ಗಾಳಿ ಒಳಗೆಳೆಯುವ ಫ್ಯಾನುಗಳು ಹೊರತಳ್ಳುವವಕ್ಕಿಂತ ಹೆಚ್ಚಿದ್ದರೆ ಒಳಗಿನ ಒತ್ತಡ ತುಸು ಏರಿ ಸಂದುಗೊಂದುಗಳಿಂದ ಗಾಳಿ ಹೊರಕ್ಕೆ ಹರಿಯುತ್ತದೆ; ಫಿಲ್ಟರ್ ಇಲ್ಲದ ಕಡೆಯಿಂದ ಧೂಳು ಬರುವುದು ಕಡಿಮೆಯಾಗುತ್ತದೆ. ತೊಳೆದ ಫಿಲ್ಟರನ್ನು ನೆರಳಲ್ಲಿ ಪೂರ್ತಿ ಒಣಗಿಸಿಯೇ ಮರಳಿ ಹಾಕಬೇಕು.

ಒಯ್ಯುವಿಕೆ

ಬೆಂಗಳೂರು ಅಥವಾ ತುಮಕೂರಿನ ಹಾಸ್ಟೆಲಿನಿಂದ ಊರಿಗೆ ಬಸ್ಸಿನಲ್ಲಿ ಒಯ್ಯುವಾಗ ಕುಲುಕಾಟವೇ ದೊಡ್ಡ ಶತ್ರು. ಒಂದೇ ತುದಿಯಲ್ಲಿ ಸ್ಕ್ರೂ ಹಾಕಿದ ಭಾರದ ಕಾರ್ಡ್ ಸ್ಲಾಟನ್ನು ಜಗ್ಗುತ್ತದೆ. ಟವರ್ ಕೂಲರಿನ ತೂಕ ಬೋರ್ಡಿನ ಮೇಲೆ ಬೀಳುತ್ತದೆ. ಕಾರ್ಡನ್ನು ಬಿಚ್ಚಿ ಬೇರೆ ಒಯ್ಯುವುದು, ಇಲ್ಲವೇ ಬೋರ್ಡ್ ಅಡ್ಡಲಾಗಿ ಬರುವಂತೆ ಪೆಟ್ಟಿಗೆಯನ್ನು ಮಲಗಿಸುವುದು ಸುರಕ್ಷಿತ. ಬಸ್ಸಿನ ಡಿಕ್ಕಿಗಿಂತ ಮಡಿಲೇ ವಾಸಿ. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ ಇರುವುದರಿಂದ ಎಲ್ಲ ಭಾಗಗಳನ್ನೂ ಕೂಡಿಸಿ ತೂಕ ಲೆಕ್ಕ ಹಾಕಬೇಕು.

ಖರೀದಿ

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಬಿಡಿಭಾಗ ಕೊಂಡು ಅಸೆಂಬಲ್ ಮಾಡಿಸುವವರು ಕಾರ್ಡ್, ಎಸ್‌ಎಂಪಿಎಸ್, ಕೂಲರುಗಳ ಅಳತೆಯನ್ನು ತಯಾರಕರ ಪುಟದಿಂದ ಬರೆದುಕೊಂಡು ಹೋಗಿ ಕ್ಯಾಬಿನೆಟ್ಟಿನ ಮಿತಿಗಳ ಜೊತೆ ಹೋಲಿಸುವುದು ಒಳ್ಳೆಯದು. ಸ್ಯಾಂಡ್‌ವಿಚ್ ಬಗೆಯದಾದರೆ ರೈಸರ್ ಜೊತೆಗೇ ಬರುತ್ತದೆಯೇ, ಅದು ಯಾವ ಪೀಳಿಗೆಯದು ಎಂದು ಕೇಳಬೇಕು. ಈ ಕಂಪ್ಯೂಟರಿನಲ್ಲಿ ಪರದೆಯಾಗಲಿ ಬ್ಯಾಟರಿಯಾಗಲಿ ಇರುವುದಿಲ್ಲ. ಹೊರಡುವ ಮತ್ತು ತಲುಪುವ ಎರಡೂ ಕಡೆ ಮಾನಿಟರ್ ಮತ್ತು ಕರೆಂಟ್ ಇರುವವರಿಗೆ ಮಾತ್ರ ಇದು ತಕ್ಕದ್ದು. ಪ್ರಯಾಣದಲ್ಲೇ ಆಡುವವರಿಗೆ ಗೇಮಿಂಗ್ ಲ್ಯಾಪ್‌ಟಾಪ್, ಇಲ್ಲವೇ 2022ರಲ್ಲಿ ಬಂದ ಸ್ಟೀಮ್ ಡೆಕ್‌ನಂಥ ಕೈಯಲ್ಲಿ ಹಿಡಿದು ಆಡುವ ಸಾಧನಗಳೇ ಅನುಕೂಲ.